ಗಿಡದ ಪೆಟ್ಟಿಗೆಯಲ್ಲಿ ಕಳೆ: ಎಲೆ ಕಿತ್ತರೆ ಸಾಲದು, ಗಡ್ಡೆ ಹೊರಬರಬೇಕು

ಪೆಟ್ಟಿಗೆಯಲ್ಲಿ ಕಳೆ ಕೀಳುವಾಗ ಹೆಚ್ಚಿನವರು ಮಾಡುವ ತಪ್ಪು ಒಂದೇ: ಕೈಗೆ ಸಿಕ್ಕಿದ್ದನ್ನೆಲ್ಲ ಒಂದೇ ರೀತಿ ಎಳೆಯುವುದು. ಅರ್ಧ ಗಂಟೆಯಲ್ಲಿ ಮಣ್ಣು ಚೊಕ್ಕಟವಾಗಿ ಕಾಣುತ್ತದೆ. ವಾರ ಕಳೆಯುವಷ್ಟರಲ್ಲಿ ಸೂಜಿಯಂಥ ಹಸಿರು ಮೊನೆಗಳು ಮತ್ತೆ ಏಳುತ್ತವೆ. ಬೀಜದಿಂದ ಹುಟ್ಟುವ ಕಳೆಯೇ ಬೇರೆ, ಗಡ್ಡೆಯಿಂದ ಚಿಗುರುವ ಕಳೆಯೇ ಬೇರೆ. ಮೊದಲನೆಯದನ್ನು ಕೀಳಲು ಮಣ್ಣು ಹಸಿ ಇರಬೇಕು, ಎರಡನೆಯದನ್ನು ತೆಗೆಯಲು ಒಣಗಿರಬೇಕು.

ಹಂತ 1: ಗುರುತಿಸಿ

ಕಳೆಯ ಹೂದಂಟನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹೊರಳಿಸಿ. ಮೂರು ಏಣು ಬೆರಳಿಗೆ ತಾಗಿದರೆ ಅದು ಜೇಕಿನ ಜಾತಿ. ಪೆಟ್ಟಿಗೆಯಲ್ಲಿ ಕಾಡುವುದು ಅದರಲ್ಲಿ ಗಡ್ಡೆ ಬಿಡುವಂಥದ್ದು, ಕೊನ್ನಾರಿ ಅಥವಾ ತುಂಗೆ ಗಡ್ಡೆ ಎನ್ನುವುದು. ಹೂದಂಟು ಇನ್ನೂ ಬಂದಿರದಿದ್ದರೆ ಬುಡ ನೋಡಿ, ಎಲೆಗಳು ಮೂರು ಸಾಲಾಗಿ ಹೊರಟಿರುತ್ತವೆ. ನೆಲಕ್ಕಂಟಿ ಹಬ್ಬಿ ಗೆಣ್ಣುಗೆಣ್ಣಿಗೂ ಬೇರು ಬಿಟ್ಟಿದ್ದರೆ ಗರಿಕೆ. ಉಳಿದವು, ಅಂದರೆ ಗೋಣಿ ಸೊಪ್ಪು, ಪುಲ್ಲಂಪುರಚಿ, ನೆಲನೆಲ್ಲಿ, ಪಾರ್ಥೇನಿಯಂ ಇತ್ಯಾದಿ ಹೆಚ್ಚಾಗಿ ಬೀಜದಿಂದ ಹುಟ್ಟಿದವು.

ಹಂತ 2: ಬೀಜದ ಕಳೆ

ಹಿಂದಿನ ಸಂಜೆ ನೀರು ಹಾಕಿ, ಬೆಳಿಗ್ಗೆ ಬುಡದಲ್ಲಿ ಹಿಡಿದು ಕೀಳಿ; ಹೂ ಬಿಡುವ ಮೊದಲೇ ಕಿತ್ತರೆ ಕೆಲಸ ಮುಗಿಯಿತು. ಗೋಣಿ ಸೊಪ್ಪನ್ನು ಮಾತ್ರ ಮಣ್ಣಿನ ಮೇಲೇ ಬಿಟ್ಟುಬಿಡಬೇಡಿ, ರಸವತ್ತಾದ ದಂಟು ಅಲ್ಲೇ ಬೇರು ಬಿಡುತ್ತದೆ. ಪುಲ್ಲಂಪುರಚಿಯ ಕಾಯಿ ಮುಟ್ಟಿದರೆ ಸಿಡಿದು ಬೀಜ ಚೆಲ್ಲುತ್ತದೆ, ಆದ್ದರಿಂದ ಗಿಡವನ್ನು ಅಂಗೈಯಿಂದ ಮುಚ್ಚಿ ಹಿಡಿದು ಎತ್ತಿ. ಪಾರ್ಥೇನಿಯಂ ಮುಟ್ಟಿದರೆ ಕೆಲವರಿಗೆ ಚರ್ಮ ಕೆರಳುತ್ತದೆ, ಅದಕ್ಕೆ ಕೈಗವಸು ಬೇಕೇ ಬೇಕು.

ಹಂತ 3: ಜೇಕು

ಎಲ್ಲರೂ ಸೋಲುವುದು ಇಲ್ಲಿಯೇ. ಎಲೆ ಹಿಡಿದು ಎಳೆದಾಗ ಬುಡದ ಹತ್ತಿರ 'ಟಪ್' ಎಂದು ಕಿತ್ತುಬರುತ್ತದೆ. ಬಂದದ್ದು ಎಲೆ ಮಾತ್ರ. ಕೆಳಗೆ ತಂತಿಯಷ್ಟು ತೆಳ್ಳಗಿನ ಕಂದು ಬಳ್ಳಿಬೇರಿದೆ. ಅದರ ಗುಂಟ ಮಣಿ ಪೋಣಿಸಿದಂತೆ ಗಡ್ಡೆಗಳಿವೆ. ಒಂದೊಂದೂ ಒಂದೆರಡು ಸೆಂ.ಮೀ. ಉದ್ದ, ಸಿಪ್ಪೆ ಕಪ್ಪು, ಮುರಿದರೆ ಒಳಗೆ ಬೆಳ್ಳಗಿದ್ದು ಘಮ್ಮೆನ್ನುತ್ತದೆ. ಸರದ ತುದಿಯ ಗಡ್ಡೆ ಚಿಗುರಿರುವವರೆಗೆ ಉಳಿದವು ಸುಮ್ಮನೆ ಮಲಗಿರುತ್ತವೆ. ಸರ ತುಂಡಾಯಿತೋ, ಒಂದೊಂದೂ ಎಚ್ಚೆತ್ತು ಚಿಗುರುತ್ತದೆ. ಕುರ್ಚಿಗೆ (ಕಳೆ ತೆಗೆಯುವ ಕೈ ಉಪಕರಣ) ಹಾಕಿ ಮಣ್ಣು ಕೊಚ್ಚಿದವರ ಪೆಟ್ಟಿಗೆಯಲ್ಲಿ ಜೇಕು ದುಪ್ಪಟ್ಟಾಗುವುದು ಇದೇ ಕಾರಣಕ್ಕೆ. ಕೊಚ್ಚಲೇಬೇಡಿ.

ನೆಲದಲ್ಲಿ ಜೇಕು ಎಷ್ಟು ದೂರ ಹೋಗಿದೆ ಎಂದು ಹೇಳಲಾಗದು. ಪೆಟ್ಟಿಗೆಗೆ ತಳವಿದೆ, ಗೋಡೆಯಿದೆ. ಪೂರ್ತಿ ತೆಗೆಯುವುದು ಸಾಧ್ಯವಿರುವುದು ಇಲ್ಲಿ ಮಾತ್ರ, ಈ ಅನುಕೂಲ ಬಿಡಬೇಡಿ.

ಎರಡು ಮೂರು ದಿನ ನೀರು ನಿಲ್ಲಿಸಿ. ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉದುರುವಂತಿರಬೇಕು. ಹಸಿ ಮಣ್ಣು ಗಡ್ಡೆಗೆ ಮೆತ್ತಿಕೊಂಡರೆ ಗಡ್ಡೆ ಯಾವುದು, ಹೆಂಟೆ ಯಾವುದು ತಿಳಿಯುವುದಿಲ್ಲ. ಟಾರ್ಪಾಲು ಹಾಸಿ, ನಿಮ್ಮ ಗಿಡಗಳನ್ನು ಬೇರುಮುದ್ದೆ ಸಮೇತ ಎತ್ತಿ ನೆರಳಿಗಿಡಿ. ಮಣ್ಣನ್ನು ತಳದವರೆಗೂ ಹೊರಗೆ ಸುರಿಯಿರಿ. ಮೇಲಿನ 15 ಸೆಂ.ಮೀ.ನಲ್ಲೇ ಹೆಚ್ಚಿನ ಗಡ್ಡೆ ಇರುತ್ತದೆ ನಿಜ, ಆದರೆ ಆಳವಿಲ್ಲದ ಪೆಟ್ಟಿಗೆಯಲ್ಲಿ ತಳದ ಮೂಲೆಯಲ್ಲೂ ನೀರು ಹರಿಯುವ ತೂತಿನ ಸುತ್ತಲೂ ಕೂತಿರುತ್ತವೆ. ಹೆಂಟೆಗಳನ್ನು ಕೈಯಿಂದ ಪುಡಿಮಾಡಿ, 6 ಮಿ.ಮೀ. ಕಣ್ಣಿನ ಜರಡಿಯಲ್ಲಿ ಜರಡಿ ಹಿಡಿಯಿರಿ. ದೊಡ್ಡ ಕಣ್ಣಿನ ಮರಳು ಜರಡಿ ಬೇಡ, ಎಳೆಯ ಗಡ್ಡೆ ಜಾರಿಹೋಗುತ್ತದೆ. ಗರಿಕೆಗೂ ಇದೇ ಕ್ರಮ, ಗೆಣ್ಣಿರುವ ಒಂದು ತುಂಡೂ ಉಳಿಯಬಾರದು.

ಇಷ್ಟೆಲ್ಲ ಮಾಡಿ ಹಲವರು ಮರೆಯುವುದು ಬೇರುಮುದ್ದೆಯನ್ನು. ಬಕೆಟ್ ನೀರಿನಲ್ಲಿ ಅದ್ದಿ, ಬೇರುಗಳನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ, ಒಳಗೆ ತೂರಿದ ಗಡ್ಡೆಗಳನ್ನು ಹೆಕ್ಕಿ. ಹಳೆಯ, ಎತ್ತಲಾಗದ ಗಿಡವಾದರೆ ಬೇರೆ ದಾರಿ: ಚಿಗುರು ಕಂಡಾಗಲೆಲ್ಲ ಮೂರು ನಾಲ್ಕು ಎಲೆ ಬರುವ ಮೊದಲೇ ಮಣ್ಣಿನ ಮಟ್ಟಕ್ಕೆ ಕತ್ತರಿಸಿ. ಎಲೆ ನಿಲ್ಲದಿದ್ದರೆ ಹೊಸ ಗಡ್ಡೆ ಕಟ್ಟಲು ಶಕ್ತಿಯಿರುವುದಿಲ್ಲ, ಇದ್ದ ಗಡ್ಡೆಯೂ ಸೊರಗುತ್ತದೆ. ತಿಂಗಳುಗಟ್ಟಲೆ ಹಿಡಿಯುತ್ತದೆ; ಒಂದು ವಾರ ತಪ್ಪಿಸಿದರೂ ಪಟ್ಟ ಶ್ರಮ ಹಿಂದಕ್ಕೆ ಹೋಗುತ್ತದೆ.

ಹೆಕ್ಕಿದ ಗಡ್ಡೆ ಗೊಬ್ಬರದ ಗುಂಡಿಗೆ ಬೇಡ. ಸಿಮೆಂಟು ನೆಲದ ಮೇಲೆ ಒಂದೇ ಪದರವಾಗಿ ಹರಡಿ, ಸುಕ್ಕುಗಟ್ಟಿ ಗಟ್ಟಿಯಾಗುವವರೆಗೆ ಎರಡು ವಾರ ಬಿಸಿಲಿಗೆ ಬಿಟ್ಟು, ಆಮೇಲೆ ಕಸಕ್ಕೆ ಹಾಕಿ.

ಮಣ್ಣು ತುಂಬಿದ ಕೂಡಲೇ ನೆಡಬೇಡಿ. ಬರೀ ಮಣ್ಣಿಗೆ ನೀರು ಹಾಕುತ್ತ ಮೂರು ವಾರ ಕಾಯಿರಿ. ತಪ್ಪಿಸಿಕೊಂಡ ಗಡ್ಡೆ ತಾನೇ ಚಿಗುರಿ ಸಿಕ್ಕಿಬೀಳುತ್ತದೆ. ಅದನ್ನು ಎಳೆಯದೆ, ಸುತ್ತಲಿನ ಒಂದು ಹಿಡಿ ಮಣ್ಣಿನ ಸಮೇತ ಎತ್ತಿ. ಈ ಅವಧಿಯಲ್ಲಿ ಮೊಳೆತ ಬೀಜದ ಕಳೆಯನ್ನು ಮೇಲ್ಮೇಲೆ ಕೆರೆದು ತೆಗೆಯಿರಿ. ಆಳಕ್ಕೆ ಕೆದಕಿದರೆ ಕೆಳಗಿನ ಬೀಜ ಬೆಳಕಿಗೆ ಬಂದು ಮತ್ತೊಂದು ಬೆಳೆ ಏಳುತ್ತದೆ.

ಅಡ್ಡದಾರಿಗಳ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು. ಉಪ್ಪುನೀರು ಸುರಿಯಬೇಡಿ: ಪೆಟ್ಟಿಗೆಯ ಮಣ್ಣಿನಲ್ಲಿ ಉಪ್ಪು ಉಳಿದು ಮೊದಲು ಸಾಯುವುದು ನಿಮ್ಮ ಗಿಡ. ವಿನೆಗರ್ ಎಲೆ ಸುಡುತ್ತದೆ, ಗಡ್ಡೆಗೆ ಏನೂ ಆಗದು. ಗ್ಲೈಫೋಸೇಟಿನಂಥ ಕಳೆನಾಶಕ ಒತ್ತಾಗಿ ಬೆಳೆದ ಪೆಟ್ಟಿಗೆಗೆ ಸಲ್ಲದು, ಒಂದು ಹನಿ ಹಾರಿ ಬೇಕಾದ ಗಿಡದ ಎಲೆಗೆ ತಾಗಿದರೆ ಬೇರಿನವರೆಗೂ ಇಳಿಯುತ್ತದೆ. ಮಣ್ಣಿನ ಮೇಲೆ ಹಾಸುವ ಕಪ್ಪು ಬಟ್ಟೆಯೂ ದಂಡ: ಬೀಜ ಅದರ ಮೇಲೆ ಕೂತ ಧೂಳಿನಲ್ಲೇ ಮೊಳೆಯುತ್ತದೆ.

ಹಂತ 4: ಹೊದಿಕೆ

ಒಣ ಎಲೆ ಅಥವಾ ತೆನೆ ಕಾಳಿಲ್ಲದ ಹುಲ್ಲನ್ನು 5 ಸೆಂ.ಮೀ. ದಪ್ಪ ಹರಡಿ, ಗಿಡದ ಕಾಂಡದ ಸುತ್ತ ಮೂರು ಬೆರಳು ಜಾಗ ಬಿಡಿ. ಇದು ಬೀಜದ ಕಳೆಗೆ ಮದ್ದು. ಜೇಕು ಇದನ್ನು ಸೀಳಿಕೊಂಡು ಬರುತ್ತದೆ, ಹಾಗಾಗಿ ಮೂರನೇ ಹಂತ ಬಿಟ್ಟು ಇಲ್ಲಿಗೆ ಜಿಗಿಯಬೇಡಿ.

ಆಮೇಲೆ ವಾರಕ್ಕೆ ಐದು ನಿಮಿಷ ಸಾಕು. ಹೊಸ ಮಣ್ಣು, ಕೊಟ್ಟಿಗೆ ಗೊಬ್ಬರ ತಂದಾಗ ಜರಡಿ ಹಿಡಿದೇ ಬಳಸಿ; ಸರಿಯಾಗಿ ಕಳಿಯದ ಗೊಬ್ಬರದಲ್ಲಿ ಕಳೆಬೀಜ ಜೀವಂತವಾಗಿರುತ್ತದೆ. ನರ್ಸರಿಯಿಂದ ಬಂದ ಸಸಿಯ ಕವರಿನಲ್ಲಿ ಜೇಕಿನ ಒಂದು ಎಲೆ ಕಂಡರೂ ಬೇರು ತೊಳೆದು ನೆಡಿ. ಪೆಟ್ಟಿಗೆ ನೆಲಕ್ಕೆ ಅಂಟಿ ಕೂತಿದ್ದರೆ ನಾಲ್ಕು ಇಟ್ಟಿಗೆಯ ಮೇಲೆ ಎತ್ತರಿಸಿ, ಇಲ್ಲದಿದ್ದರೆ ಗರಿಕೆ ತಳದ ತೂತಿನಿಂದಲೇ ಒಳಗೆ ನುಗ್ಗುತ್ತದೆ.