ಮೆಣಸಿನಕಾಯಿ ದರವನ್ನು ವಾಟ್ಸಾಪ್ ಗ್ರೂಪಿಗೆ ಹಾಕುವ ಕ್ರಮ: ನನ್ನ ಅನುಭವ

ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ಟೆಂಡರ್, ಅಂದರೆ ವರ್ತಕರು ದರ ಕೂಗಿ ಅಥವಾ ಬರೆದು ಮಾಲು ಕೊಳ್ಳುವ ದಿನ. ಅವತ್ತು ಸಂಜೆ ಹೊತ್ತಿಗೆ ಕುಂದಗೋಳ, ಶಿರಹಟ್ಟಿ, ಸವಣೂರು ಕಡೆಯ ಬೆಳೆಗಾರರ ಫೋನಿಗೆ ದರ ಬಂದು ಮುಟ್ಟಿರುತ್ತದೆ. ಮುಟ್ಟುವುದು ಹೆಚ್ಚಾಗಿ ಒಂದೇ ಅಂಕಿ, ಆ ದಿನದ ಗರಿಷ್ಠ ದರ. ಅದು ಯಾವುದೋ ಒಂದು ಲಾಟಿಗೆ, ಅಂದರೆ ಒಟ್ಟಿಗೆ ಮಾರುವ ಒಂದು ರಾಶಿಗೆ, ಕೆಲವೊಮ್ಮೆ ಮೂರ್ನಾಲ್ಕೇ ಚೀಲಕ್ಕೆ ಸಿಕ್ಕಿದ್ದಿರಬಹುದು. ಉಳಿದ ಮಾಲು ಎಷ್ಟಕ್ಕೆ ಹೋಯಿತು ಅನ್ನುವುದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಆ ಅಂಕಿ ನಂಬಿ ಗಾಡಿ ಬಾಡಿಗೆ ಹಿಡಿದು ಬಂದವರಿಗೆ ಮಾರುಕಟ್ಟೆಯೇ ಮೋಸ ಮಾಡಿತು ಅನ್ನಿಸುತ್ತದೆ. ದರ ಬಿದ್ದಾಗಿನ ಸಿಟ್ಟು ಎಷ್ಟು ದೂರ ಹೋಗಬಲ್ಲದು ಎಂಬುದನ್ನು 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಎಪಿಎಂಸಿಯಲ್ಲಿ ಬೆಂಕಿ ಬಿದ್ದಾಗ ಈ ಭಾಗದವರೆಲ್ಲ ಕಂಡಿದ್ದೇವೆ.

ಅದಕ್ಕೇ ನಮ್ಮ ಗ್ರೂಪಿನಲ್ಲಿ ಗರಿಷ್ಠ ದರ ಕೊನೆಗೆ ಬರುತ್ತದೆ. ಮೊದಲು ತಾರೀಖು, ಮಾರುಕಟ್ಟೆಯ ಹೆಸರು, ತಳಿ. ಡಬ್ಬಿ, ಕಡ್ಡಿ, ಗುಂಟೂರು ಮೂರನ್ನೂ ಬೇರೆಬೇರೆ ಸಾಲಿನಲ್ಲಿ ಬರೆಯುತ್ತೇವೆ. ಬರೀ 'ಬ್ಯಾಡಗಿ ರೇಟು' ಎಂದರೆ ಗುಂಟೂರು ಬೆಳೆದವರೂ ಡಬ್ಬಿಯ ದರ ಹಿಡಿದು ಲೆಕ್ಕ ಹಾಕುತ್ತಾರೆ. ಆಮೇಲೆ ಮಾದರಿ ದರ, ಅಂದರೆ ಹೆಚ್ಚು ಮಾಲು ಮಾರಾಟವಾದ ದರ. ನಂತರ ಕನಿಷ್ಠ. ಗರಿಷ್ಠ ಬರೆದರೆ ಪಕ್ಕದಲ್ಲೇ ಅದು ಎಷ್ಟು ಚೀಲಕ್ಕೆ ಸಿಕ್ಕಿತು ಎಂದೂ ಬರೆಯಬೇಕು. ಚೀಲದ ಲೆಕ್ಕ ಗೊತ್ತಿಲ್ಲದಿದ್ದರೆ ಆ ಅಂಕಿಯನ್ನು ಬಿಟ್ಟೇಬಿಡುತ್ತೇವೆ.

ಬರಹದ ಜೊತೆ ಒಂದು ಧ್ವನಿ ಸಂದೇಶ, 40 ಸೆಕೆಂಡಿಗಿಂತ ಹೆಚ್ಚಿಲ್ಲ. ಫಾರ್ವರ್ಡ್ ಆದ ಸಂದೇಶದಲ್ಲಿ ಮೊದಲು ಕಳಿಸಿದವರ ಹೆಸರೂ ಉಳಿಯುವುದಿಲ್ಲ, ಕಳಿಸಿದ ದಿನವೂ ಉಳಿಯುವುದಿಲ್ಲ. ಹೋದ ವಾರದ ದರ ಇವತ್ತಿನದಾಗಿ ತಿರುಗುವುದು ಹೀಗೆ. ಆದ್ದರಿಂದ ತಾರೀಖನ್ನು ಬಾಯಲ್ಲೇ ಹೇಳಬೇಕು, ಅದೂ ಮೊದಲ ಮಾತಾಗಿ. ಫೋನು ಬಾಯಿಂದ ನಾಲ್ಕು ಬೆರಳು ದೂರ ಇರಲಿ. ಹಮಾಲರ ಕೂಗು, ಗಾಡಿಗಳ ಸದ್ದಿನ ನಡುವೆ ಮಾತಾಡಿದರೆ 'ಹದಿನಾರು' ಅಂದದ್ದು 'ಹದಿನೇಳು' ಎಂದು ಕೇಳುತ್ತದೆ. ಅಂಕಿಯನ್ನು ಎರಡು ಸಲ ಹೇಳುವುದು ಇದೇ ಕಾರಣಕ್ಕೆ.

ಫೋಟೊ ವಿಷಯದಲ್ಲಿ ತಪ್ಪಾಗುವುದು ಜಾಸ್ತಿ. ನೀಲಿ ತಾಡಪತ್ರಿಯ ಕೆಳಗೆ ತೆಗೆದರೆ ಕಾಯಿ ಕಪ್ಪಿಟ್ಟಂತೆ ಕಾಣುತ್ತದೆ. ಬಿಸಿಲಲ್ಲಿ ತೆಗೆದರೆ ಕ್ಯಾಮೆರಾ ತಾನೇ ಕೆಂಪನ್ನು ಏರಿಸುತ್ತದೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣಕ್ಕೆ, ಖಾರಕ್ಕಲ್ಲ. ಹಾಗಾಗಿ ಬಣ್ಣ ತಪ್ಪಿದರೆ ಫೋಟೊಗೆ ಅರ್ಥವೇ ಇಲ್ಲ. ನೆರಳಲ್ಲಿ ಬಿಳಿ ಹಾಳೆ ಹಾಸಿ, ಚೀಲದ ನಡುವಿನಿಂದ ಒಂದು ಹಿಡಿ ಕಾಯಿ ತೆಗೆದು ಹರಡಿ. ಬಣ್ಣ ಕಳೆದುಕೊಂಡ ಬಿಳಿಗಾಯಿ ಇದ್ದರೆ ಅದನ್ನೂ ತೋರಿಸಿ. ಒಂದು ಕಾಯಿ ಮುರಿಯುವ ಐದು ಸೆಕೆಂಡಿನ ವಿಡಿಯೊ ಹಾಕಿದರೆ ಇನ್ನೂ ಒಳ್ಳೆಯದು: ಒಣಗಿದ್ದು ಚಟ್ ಎಂದು ಮುರಿದು ಬೀಜ ಉದುರುತ್ತದೆ, ಹಸಿ ಉಳಿದದ್ದು ಬಾಗುತ್ತದೆ. ಕಡಿಮೆ ದರ ಯಾಕೆ ಬಂತು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಮಾರಾಟದ ಲೆಕ್ಕದ ಪಟ್ಟಿಯ ಫೋಟೊ ಹಾಕುವಾಗ ಎಚ್‌ಡಿ ಆಯ್ಕೆ ಒತ್ತಿ. ಇಲ್ಲದಿದ್ದರೆ ಚಿತ್ರ ಕುಗ್ಗಿ 3 ಯಾವುದು, 8 ಯಾವುದು ತಿಳಿಯುವುದಿಲ್ಲ. ರೈತರ ಹೆಸರು, ಫೋನ್ ನಂಬರು, ಬ್ಯಾಂಕ್ ಖಾತೆ ಇರುವ ಭಾಗವನ್ನು ಕತ್ತರಿಸಿಯೇ ಹಾಕಬೇಕು. ಒಬ್ಬರ ಮಾಲಿನ ಹಣ ಎಷ್ಟು ಬಂತೆಂದು ಊರಿಗೆಲ್ಲ ಗೊತ್ತಾದರೆ ಸಾಲ ಕೊಟ್ಟವರು ಅದೇ ರಾತ್ರಿ ಬಾಗಿಲಿಗೆ ಬರುತ್ತಾರೆ.

ಅಂಕಿ ತಪ್ಪಿದರೆ 15 ನಿಮಿಷದೊಳಗೆ ತಿದ್ದಬಹುದು. ಅಳಿಸಲೂಬಹುದು. ಆದರೆ ಅಷ್ಟರಲ್ಲಿ ಬೇರೆ ಗ್ರೂಪಿಗೆ ಹೋದ ಪ್ರತಿ ಹಾಗೇ ಉಳಿಯುತ್ತದೆ. ನಾವು 'ತಿದ್ದುಪಡಿ' ಎಂದು ಶುರುಮಾಡಿ, ತಪ್ಪು ಅಂಕಿ, ಸರಿ ಅಂಕಿ ಎರಡನ್ನೂ ಬರೆದು ಹೊಸ ಸಂದೇಶ ಕಳಿಸುತ್ತೇವೆ. ತಪ್ಪಿನಷ್ಟು ವೇಗವಾಗಿ ತಿದ್ದುಪಡಿ ಓಡುವುದಿಲ್ಲ ನಿಜ. ಕೇಳಿದವರಿಗೆ ತೋರಿಸಲು ಒಂದು ಆಧಾರವಂತೂ ಇರುತ್ತದೆ. ಜೋಡಿ ಬಾಣದ ಗುರುತು ಇರುವ ಸಂದೇಶ, ಅಂದರೆ ಹಲವು ಸಲ ಫಾರ್ವರ್ಡ್ ಆದದ್ದು, ಟೆಂಡರ್ ದಿನ ಬಂದರೆ ಅಡ್ಮಿನ್ ಅಳಿಸುತ್ತಾರೆ.

ದರ ಹಾಕುವ ಸಮಯ ರಾತ್ರಿ ಎಂಟು. ಕಾಯಿ ಬಿಡಿಸಿ, ಒಣಗಿಸಿ, ಆರಿಸುವವರು ಹೆಚ್ಚಾಗಿ ಹೆಣ್ಣುಮಕ್ಕಳು, ಮನೆಯ ಫೋನು ಮಾತ್ರ ಮಗನ ಕಿಸೆಯಲ್ಲಿ. ಎಂಟಕ್ಕೆ ಹಾಕಿದರೆ ಊಟದ ಹೊತ್ತಿಗೆ ಧ್ವನಿ ಎಲ್ಲರ ಕಿವಿಗೂ ಬೀಳುತ್ತದೆ. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳಿಗೆ ಹಾಲಿನ ಡೇರಿಯ ಹಲಗೆಯೇ ಗತಿ. ಮರುದಿನ ಬೆಳಗ್ಗೆ ಹಾಲು ಹಾಕುವ ಮೊದಲು ಅದೇ ಸಾಲುಗಳನ್ನು ಸೀಮೆಸುಣ್ಣದಲ್ಲಿ, ತಾರೀಖಿನ ಸಮೇತ ಬರೆಯುತ್ತೇವೆ. ಮುಂದಿನ ಟೆಂಡರಿನ ಬೆಳಗ್ಗೆ ಒರೆಸುತ್ತೇವೆ.