ಫ್ಲೈಯಿಂಗ್ ವಿ ತಗೋಬೇಕಾ, ಎಕ್ಸ್‌ಪ್ಲೋರರ್ ತಗೋಬೇಕಾ? ಮೊದಲು ಒಂದು ರಟ್ಟು ಕತ್ತರಿಸಿ

ಹೆವಿ ಮೆಟಲ್ ಸಂಗೀತ ನುಡಿಸಲು ಶುರು ಮಾಡಿದವರಿಗೆ ಒಂದು ಹಂತದಲ್ಲಿ ಮಾಮೂಲಿ ಆಕಾರದ ಗಿಟಾರ್ ಸಪ್ಪೆ ಅನಿಸುತ್ತದೆ. ಚೂಪು ಮೂಲೆ ಬೇಕು, ಕರಿ ಬಣ್ಣ ಬೇಕು, ಹೆಗಲಿಗೆ ಹಾಕಿಕೊಂಡರೆ ಎದುರಿಗಿದ್ದವರು ತಿರುಗಿ ನೋಡಬೇಕು. ತಪ್ಪೇನಿಲ್ಲ ಬಿಡಿ. ಆದರೆ ಬಳ್ಳಾರಿಯಲ್ಲೋ ಹೊಸಪೇಟೆಯಲ್ಲೋ ಕೂತು ಇಂಥ ಗಿಟಾರ್ ಕೊಳ್ಳುವುದರಲ್ಲಿ ಒಂದು ತೊಂದರೆ ಇದೆ. ಇಂಗ್ಲಿಷ್ ವಿ ಅಕ್ಷರದ ಆಕಾರದ್ದು (ಫ್ಲೈಯಿಂಗ್ ವಿ) ಮತ್ತು ಓರೆಯಾಗಿ ಚಾಚಿದ ಚೂಪು ಮೂಲೆಗಳ ಎಕ್ಸ್‌ಪ್ಲೋರರ್ ಆಕಾರದ್ದು ಎರಡನ್ನೂ ಅಕ್ಕಪಕ್ಕ ಇಟ್ಟು ನುಡಿಸಿ ನೋಡುವ ಅವಕಾಶ ನಮ್ಮ ಕಡೆ ಸಿಗುವುದು ಕಷ್ಟ. ಅದಕ್ಕೆ ಸುಮಾರು 300 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕು, ಇಲ್ಲಾ ಫೋಟೋ ನೋಡಿ ಆರ್ಡರ್ ಮಾಡಬೇಕು. ಹೆಚ್ಚಿನವರು ಎರಡನೆಯದನ್ನೇ ಮಾಡುತ್ತಾರೆ.

ಫೋಟೋ ನೋಡಿ ಆರಿಸಿದರೂ ಪರವಾಗಿಲ್ಲ, ಏನು ನೋಡಬೇಕು ಅಂತ ಗೊತ್ತಿದ್ದರೆ ಸಾಕು. ಮೊದಲು ಸೌಂಡ್ ವಿಷಯ ಮುಗಿಸಿಬಿಡೋಣ. ಒಂದೇ ಮರ, ಒಂದೇ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ), ಒಂದೇ ಬ್ರಿಡ್ಜ್ (ಬಾಡಿ ಮೇಲೆ ತಂತಿ ಕೂರುವ ಭಾಗ) ಇದ್ದರೆ, ಡಿಸ್ಟಾರ್ಷನ್ (ಮೆಟಲ್‌ನ ಒರಟು ಸೌಂಡ್) ಏರಿಸಿದ ಮೇಲೆ ವಿ ಯಾವುದು ಎಕ್ಸ್‌ಪ್ಲೋರರ್ ಯಾವುದು ಅಂತ ಕಣ್ಣು ಮುಚ್ಚಿ ಹೇಳುವುದು ಕಷ್ಟ. ಸೌಂಡ್ ಬದಲಾಗುವುದು ಪಿಕಪ್‌ನಿಂದ, ಆಂಪ್ಲಿಫೈಯರ್ ಅಂದರೆ ಆಂಪ್‌ನಿಂದ, ನಿಮ್ಮ ಬಲಗೈಯಿಂದ. ಆಕಾರದಿಂದ ಬದಲಾಗುವುದು ನೀವು ಕೂರುವ ರೀತಿ, ನಿಲ್ಲುವ ರೀತಿ, ಹೊತ್ತುಕೊಂಡು ಹೋಗುವ ರೀತಿ. ಹಾಗಾಗಿ ಆಯ್ಕೆಯೂ ಅಲ್ಲಿಂದಲೇ ಶುರುವಾಗಬೇಕು.

ಎರಡೂ ಒಂದೇ ಮನೆಯ ಮಕ್ಕಳು. ಟೆಡ್ ಮೆಕಾರ್ಟಿ ಗಿಬ್ಸನ್ ಕಂಪನಿಯ ಮುಖ್ಯಸ್ಥರಾಗಿದ್ದಾಗ, 1958ರಲ್ಲಿ, ಇವು ಹೊರಬಂದವು. ಆಗ ಮೆಟಲ್ ಅನ್ನುವುದೇ ಇರಲಿಲ್ಲ. ಜನ ನೋಡಿ ನಕ್ಕರೋ ಏನೋ, ಮೊದಲ ಎರಡು ವರ್ಷದಲ್ಲಿ ಫ್ಲೈಯಿಂಗ್ ವಿ ಮಾರಾಟ ನೂರರ ಗಡಿಯನ್ನೂ ಮುಟ್ಟಲಿಲ್ಲ, ಎಕ್ಸ್‌ಪ್ಲೋರರ್ ಅದಕ್ಕಿಂತ ಕಡಿಮೆ. ವಿ ಅನ್ನು ಮೊದಲು ಕೈಗೆತ್ತಿಕೊಂಡವರಲ್ಲಿ ಆಲ್ಬರ್ಟ್ ಕಿಂಗ್ ಅವರಂಥ ಬ್ಲೂಸ್ ಕಲಾವಿದರಿದ್ದರು. ಆಮೇಲೆ ಜೂಡಾಸ್ ಪ್ರೀಸ್ಟ್ ತಂಡದ ಕೆ.ಕೆ. ಡೌನಿಂಗ್, ಮೈಕೆಲ್ ಶೆಂಕರ್ ಇವರೆಲ್ಲ ಅದನ್ನು ಹೆವಿ ಮೆಟಲ್‌ಗೆ ತಂದರು. ಎಕ್ಸ್‌ಪ್ಲೋರರ್ ಅಂದರೆ ಈಗ ಎಲ್ಲರಿಗೂ ನೆನಪಾಗುವುದು ಮೆಟಾಲಿಕಾ ತಂಡದ ಜೇಮ್ಸ್ ಹೆಟ್‌ಫೀಲ್ಡ್. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರ ಕಾರ್ಯಕ್ರಮ ಆಯಿತಲ್ಲ, ಅದನ್ನು ನೋಡಿ ಬಂದು ಗಿಟಾರ್ ಹಿಡಿದವರು ಈ ಕಡೆಯೂ ಸಿಗುತ್ತಾರೆ.

ಈಗ ರಟ್ಟಿನ ಕೆಲಸ, ಅಂದರೆ ಗಿಟಾರಿನ ಅಸಲಿ ಅಳತೆಯ ರಟ್ಟಿನ ಅಚ್ಚು ಮಾಡಿ, ಕೂತು ನಿಂತು ನೋಡುವುದು. ಇದನ್ನು ದಯವಿಟ್ಟು ತಮಾಷೆ ಅಂತ ಬಿಟ್ಟುಬಿಡಬೇಡಿ.

ನಿಮಗೆ ಇಷ್ಟವಾದ ಎರಡೂ ಮಾಡೆಲ್‌ಗಳ ಫೋಟೋ ಇಳಿಸಿಕೊಳ್ಳಿ. ಓರೆಯಾಗಿ ತೆಗೆದದ್ದು ಬೇಡ, ನೇರ ಎದುರಿನಿಂದ ತೆಗೆದದ್ದೇ ಬೇಕು. ಫ್ಲೆಕ್ಸ್ ಪ್ರಿಂಟ್ ಮಾಡುವ ಅಂಗಡಿಗೆ ಹೋಗಿ ಅಸಲಿ ಅಳತೆಯಲ್ಲಿ ಪ್ರಿಂಟ್ ಹಾಕಿಸಿ. ಅಳತೆ ಹೇಗೆ ಹೇಳಬೇಕು ಅಂದರೆ, ಫ್ರೆಟ್ ಅಂದರೆ ಗಿಟಾರಿನ ಕತ್ತಿನ (ನೆಕ್) ಮೇಲಿನ ಅಡ್ಡ ಲೋಹದ ಪಟ್ಟಿ, ತಂತಿ ಶುರುವಾಗುವ ನಟ್‌ನಿಂದ 12ನೇ ಫ್ರೆಟ್‌ವರೆಗಿನ ದೂರ ಯಾವಾಗಲೂ ಸ್ಕೇಲ್ ಉದ್ದದ (ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಉದ್ದ) ಸರಿಯಾಗಿ ಅರ್ಧ. ಗಿಬ್ಸನ್, ಎಪಿಫೋನ್‌ಗಳ ವಿ ಮತ್ತು ಎಕ್ಸ್‌ಪ್ಲೋರರ್‌ಗೆ ಸ್ಕೇಲ್ 24.75 ಇಂಚು, ಅಂದರೆ ಸುಮಾರು 628 ಮಿ.ಮೀ. ಹಾಗಾಗಿ ಪ್ರಿಂಟ್‌ನಲ್ಲಿ ನಟ್‌ನಿಂದ 12ನೇ ಫ್ರೆಟ್‌ಗೆ 31.4 ಸೆಂ.ಮೀ. ಬರಬೇಕು. ಜಾಕ್ಸನ್ ಕಂಪನಿಯವು 25.5 ಇಂಚು, ಅಲ್ಲಿ 32.4 ಸೆಂ.ಮೀ. ಅಂಗಡಿಯ ಹುಡುಗನಿಗೆ ಇದೊಂದು ಅಳತೆ ಕೊಟ್ಟರೆ ಉಳಿದದ್ದೆಲ್ಲ ತಾನಾಗಿಯೇ ಸರಿಹೋಗುತ್ತದೆ. ಮನೆಗೆ ತಂದು ಫ್ರಿಜ್ಜೋ ಕೂಲರ್ರೋ ಬಂದ ದಪ್ಪ ರಟ್ಟಿಗೆ ಅಂಟಿಸಿ ಕತ್ತರಿಸಿ. ನೆಕ್ ಹಿಂದೆ ಒಂದು ಮರದ ಪಟ್ಟಿ ಕಟ್ಟಿ, ಇಲ್ಲದಿದ್ದರೆ ಬಾಗುತ್ತದೆ. ಹಳೇ ಬ್ಯಾಗಿನ ಬೆಲ್ಟ್ ಇದ್ದರೆ ಅದನ್ನೂ ಸಿಕ್ಕಿಸಿ.

ಈಗ ನೀವು ದಿನಾ ಪ್ರಾಕ್ಟೀಸ್ ಮಾಡುವ ಜಾಗದಲ್ಲಿ, ದಿನಾ ಕೂರುವ ಹಾಗೇ ಕೂತುಕೊಳ್ಳಿ. ಕುರ್ಚಿಯಾದರೆ ಕುರ್ಚಿ, ಮಂಚದ ಅಂಚಾದರೆ ಅದು, ಚಾಪೆ ಮೇಲೆ ಚಕ್ಕಳಮಕ್ಕಳ ಹಾಕುವವರಾದರೆ ಹಾಗೇ.

ವಿ ರಟ್ಟನ್ನು ಮಾಮೂಲಿ ಗಿಟಾರ್ ಇಟ್ಟ ಹಾಗೆ ತೊಡೆ ಮೇಲೆ ಇಟ್ಟರೆ ಜಾರಿ ಕೆಳಗೆ ಹೋಗುತ್ತದೆ. ಅದಕ್ಕೆ ಬೇರೆ ವಿಧಾನ ಇದೆ. ಬಲ ತೊಡೆ ವಿ ಸಂದಿಯೊಳಗೆ ಬರಬೇಕು, ಕೆಳಗಿನ ರೆಕ್ಕೆ ಎರಡು ಕಾಲುಗಳ ನಡುವೆ ಇಳಿಯಬೇಕು, ಮೇಲಿನ ರೆಕ್ಕೆ ತೊಡೆಯ ಹೊರಗಡೆ ಇರಬೇಕು. ಆಗ ನೆಕ್ ಓರೆಯಾಗಿ ಮೇಲಕ್ಕೆ ಎದ್ದು ನಿಲ್ಲುತ್ತದೆ. ಶಾಸ್ತ್ರೀಯ ಗಿಟಾರ್ ನುಡಿಸುವವರು ಹಿಡಿಯುವುದೂ ಹೆಚ್ಚುಕಡಿಮೆ ಹೀಗೇ, ಎಡಗೈ ಮಣಿಕಟ್ಟಿಗೆ ಇದು ತುಂಬಾ ಆರಾಮ. ಸೋಲೋ ಕಲಿಯುವವರು ಒಮ್ಮೆ ಇದಕ್ಕೆ ಒಗ್ಗಿದರೆ ಬಿಡುವುದಿಲ್ಲ, ಯಾಕಂದರೆ ಬಾಡಿ ನೆಕ್‌ನ ಎರಡೂ ಬದಿಯಲ್ಲಿ ಇಳಿಜಾರಾಗಿ ಹಿಂದೆ ಸರಿದಿರುತ್ತದೆ, ಕೊನೆಯ ಫ್ರೆಟ್‌ವರೆಗೂ ಕೈಗೆ ಏನೂ ಅಡ್ಡ ಬರುವುದಿಲ್ಲ. ಆದರೆ ಚಾಪೆ ಮೇಲೆ ಕೂತರೆ ಕಥೆ ಮುಗಿಯಿತು. ಮಡಚಿದ ಕಾಲಿಗೆ ಕೆಳಗಿನ ರೆಕ್ಕೆ ಹೋಗಲು ಜಾಗವೇ ಇರುವುದಿಲ್ಲ.

ಎಕ್ಸ್‌ಪ್ಲೋರರ್ ರಟ್ಟು ತೊಡೆ ಮೇಲೆ ಸುಮ್ನೆ ಕೂರುತ್ತದೆ. ಹಿಂದಿನ ದೊಡ್ಡ ರೆಕ್ಕೆ ಬಲ ಮುಂಗೈ ಕೆಳಗೆ ಬರುತ್ತದೆ, ಕೈಗೆ ಅದರ ಮೇಲೆ ಭಾರ ಬಿಡಬಹುದು. ಗಂಟೆಗಟ್ಟಲೆ ಡೌನ್‌ಸ್ಟ್ರೋಕ್ (ಬರೀ ಕೆಳಮುಖ ಹೊಡೆತ), ಪಾಮ್ ಮ್ಯೂಟ್ (ಅಂಗೈ ಅಂಚಿನಿಂದ ತಂತಿ ಅದುಮಿ ನುಡಿಸುವುದು) ಹೊಡೆಯುವವರಿಗೆ ಈ ಆಸರೆ ದೊಡ್ಡ ವಿಷಯ. ಇಲ್ಲೂ ಎರಡು ಸಂಗತಿ ನೋಡಿ. ಒಂದು, ಹಳೇ ವಿನ್ಯಾಸದಲ್ಲಿ ಆ ರೆಕ್ಕೆಯ ಅಂಚು ಕೊರೆದು ನುಣುಪು ಮಾಡಿರುವುದಿಲ್ಲ, ಮುಂಗೈಯಲ್ಲಿ ಕೆಂಪು ಗೆರೆ ಮೂಡುತ್ತದೆ. ಎರಡು, ತೊಡೆ ಮೇಲೆ ಕೂರುವ ಜಾಗದಿಂದ ನೆಕ್ ಎಡಕ್ಕೆ ಜಾಸ್ತಿ ಚಾಚಿರುತ್ತದೆ. ಕೈ ಗಿಡ್ಡ ಇರುವವರಿಗೆ ಮೊದಲ ಫ್ರೆಟ್ ದೂರ ಅನಿಸಬಹುದು. ರಟ್ಟಿನಲ್ಲೇ ಮೊದಲ ಫ್ರೆಟ್ ಮುಟ್ಟಿ ನೋಡಿ, ಹೆಗಲು ಮುಂದಕ್ಕೆ ಎಳೆಯುತ್ತಿದ್ದರೆ ಆ ಗಿಟಾರ್ ನಿಮಗೆ ದೊಡ್ಡದು.

ನಿಂತು ನೋಡುವಾಗ ರಟ್ಟು ಅರ್ಧ ಮಾತ್ರ ಹೇಳುತ್ತದೆ, ಏಕೆಂದರೆ ಅದರಲ್ಲಿ ತೂಕ ಇಲ್ಲ. ಎಕ್ಸ್‌ಪ್ಲೋರರ್ ಬಾಡಿಯಲ್ಲಿ ಮರ ಜಾಸ್ತಿ, ಹಾಗಾಗಿ ಸಾಮಾನ್ಯವಾಗಿ ವಿಗಿಂತ ಭಾರ. ಮೂರೂವರೆ ಕೆಜಿ ಅಕ್ಕಿ ಇರುವ ಚೀಲವನ್ನು ಒಂದೇ ಹೆಗಲಿಗೆ ಹಾಕಿಕೊಂಡು ಒಂದು ಗಂಟೆ ಮನೆಯಲ್ಲಿ ಓಡಾಡಿ, ಅಮ್ಮ ಬೈದರೆ ಗಿಟಾರ್ ತರಬೇತಿ ಅಂತ ಹೇಳಿ. ವಿ ಹಗುರ, ಆದರೆ ಬಾಡಿ ಹಗುರ ಆದಷ್ಟೂ ನೆಕ್ ನೆಲದ ಕಡೆ ವಾಲುವ ಚಾಳಿ ಬರುತ್ತದೆ, ಅದರಲ್ಲೂ ಹೆಗಲ ಬೆಲ್ಟ್ (ಸ್ಟ್ರಾಪ್) ಸಿಕ್ಕಿಸುವ ಗುಂಡಿ ನೆಕ್ ಬುಡದ ಹಿಂಭಾಗದಲ್ಲಿರುವ ಮಾಡೆಲ್‌ಗಳಲ್ಲಿ. ಇದಕ್ಕೆ ಮದ್ದು ಸುಲಭ. ನೈಲಾನ್ ಸ್ಟ್ರಾಪ್ ಬಿಡಿ, ಅಗಲವಾದ, ಒಳಮೈ ಒರಟಾಗಿರುವ ಚರ್ಮದ್ದೋ ದಪ್ಪ ಬಟ್ಟೆಯದ್ದೋ ಹಾಕಿ. ಅಂಗಿಗೆ ಕಚ್ಚಿ ಹಿಡಿಯುತ್ತದೆ, ಜಾರುವುದಿಲ್ಲ.

ಸ್ಕೇಲ್ ಉದ್ದದ ಮಾತು ಮೇಲೆ ಬಂತಲ್ಲ, ಅದನ್ನು ಇನ್ನೊಂದು ಕಾರಣಕ್ಕೂ ನೋಡಬೇಕು. ಒಂದೇ ತಂತಿ, ಒಂದೇ ಸ್ವರಕ್ಕೆ ಏರಿಸಿದರೆ 25.5 ಇಂಚಿನಲ್ಲಿ ಬಿಗಿತ 24.75ಕ್ಕಿಂತ ಸುಮಾರು ಶೇ. 6 ಜಾಸ್ತಿ. ತಂತಿಗಳ ಸುರ ಇಳಿಸಿ ಅತಿ ದಪ್ಪ ತಂತಿಯನ್ನು ಸಿ ಸ್ವರಕ್ಕೆ ತರುವ ಡ್ರಾಪ್ ಸಿ ಟ್ಯೂನಿಂಗ್‌ಗೆ ಇಳಿಯುವವರಿಗೆ ಇದು ಕೈಗೇ ತಿಳಿಯುತ್ತದೆ. ಉದ್ದ ಸ್ಕೇಲ್‌ಗೆ 10-52 ತಂತಿ ಸೆಟ್ (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಭಾಗಗಳಲ್ಲಿ) ಸಾಕಾಗುತ್ತದೆ, ಗಿಡ್ಡದ್ದಕ್ಕೆ 11-54 ಹಾಕಿದರೆ ಒಳ್ಳೆಯದು, ಇಲ್ಲದಿದ್ದರೆ ದಪ್ಪ ತಂತಿ ಸಡಿಲ ಹಗ್ಗದ ಹಾಗೆ ಫ್ರೆಟ್‌ಗೆ ಬಡಿಯುತ್ತಿರುತ್ತದೆ. ಜಾಕ್ಸನ್ ಕೆಲ್ಲಿ ಅಂದರೆ ಎಕ್ಸ್‌ಪ್ಲೋರರನ್ನೇ ಇನ್ನಷ್ಟು ಚೂಪು ಮಾಡಿದ ಆಕಾರ, ಜಾಕ್ಸನ್ ರೋಡ್ಸ್ ಅಂದರೆ ಒಂದು ರೆಕ್ಕೆ ಉದ್ದ ಒಂದು ಗಿಡ್ಡ ಇರುವ ವಿ, ಕಿಂಗ್ ವಿ ಅಂದರೆ ಎರಡೂ ಸಮ. ಡ್ರಾಪ್ ಟ್ಯೂನಿಂಗ್ ಆಸೆ ಇದ್ದರೆ ಈ ಉದ್ದ ಸ್ಕೇಲ್‌ನವನ್ನೇ ಮೊದಲು ನೋಡಿ.

ಬ್ರಿಡ್ಜ್ ವಿಷಯದಲ್ಲಿ ನಾನು ಹಟಮಾರಿ. ಫ್ಲಾಯ್ಡ್ ರೋಸ್ ಅನ್ನುವ, ಹಿಡಿಕೆಯಿಂದ ಅಲುಗಾಡಿಸುವ ಬ್ರಿಡ್ಜ್ ಬೇಡ. ಕೆಟ್ಟದ್ದು ಅಂತಲ್ಲ, ಡೈವ್ ಬಾಂಬ್ (ಹಿಡಿಕೆ ಒತ್ತಿ ಸ್ವರವನ್ನು ಧುಮುಕಿಸುವುದು) ಹೊಡೆಯುವವರಿಗೆ ಅದೇ ಬೇಕು. ಆದರೆ ಅದು ಹಿಂದಿನ ಸ್ಪ್ರಿಂಗ್‌ಗಳ ಎಳೆತ ಮತ್ತು ತಂತಿಗಳ ಎಳೆತ ಸಮ ಇದ್ದಾಗ ಮಾತ್ರ ನೆಟ್ಟಗೆ ನಿಲ್ಲುವ ಯಂತ್ರ. ಒಂದು ತಂತಿ ಹರಿದರೆ ಉಳಿದ ಐದೂ ಸುರ ತಪ್ಪುತ್ತವೆ. ಮಾಮೂಲಿ ಟ್ಯೂನಿಂಗ್ ಆದ ಇ ಸ್ಟ್ಯಾಂಡರ್ಡ್‌ನಿಂದ ಡ್ರಾಪ್ ಸಿಗೆ ಹೋಗಬೇಕಾದರೆ ಅಲನ್ ಕೀ ಹಿಡಿದು ಲಾಕ್ ಬಿಚ್ಚಿ, ಹಿಂದಿನ ಮುಚ್ಚಳ ತೆಗೆದು, ಸ್ಪ್ರಿಂಗ್ ಸ್ಕ್ರೂ ತಿರುಗಿಸಿ, ಮತ್ತೆ ಟ್ಯೂನ್ ಮಾಡಿ, ಮತ್ತೆ ತಿರುಗಿಸಿ, ಒಂದು ಸಂಜೆ ಹೋಯಿತು ಅಂದುಕೊಳ್ಳಿ. ಹತ್ತಿರದಲ್ಲಿ ಗಿಟಾರ್ ರಿಪೇರಿಯವರು ಇಲ್ಲದ ಊರಲ್ಲಿ ಒಂದೇ ಗಿಟಾರ್ ಇಟ್ಟುಕೊಳ್ಳುವವರಿಗೆ ಅಲುಗಾಡದ ಬ್ರಿಡ್ಜೇ ಸರಿ. ಜಾಕ್ಸನ್‌ನ ಅಗ್ಗದ ಜೆಎಸ್32 ಸಾಲಿನಲ್ಲಿ ಹೆಸರಿನ ಕೊನೆಗೆ ಟಿ ಅಕ್ಷರ ಇದ್ದರೆ ಅದು ಸ್ಥಿರ ಬ್ರಿಡ್ಜಿನದು, ಆರ್ಡರ್ ಒತ್ತುವ ಮುಂಚೆ ಆ ಒಂದು ಅಕ್ಷರ ನೋಡಿ.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ತಗೊಳ್ಳಿ. ಏಪ್ರಿಲ್-ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ, ಒಣ ಗಾಳಿಗೆ ನೆಕ್ ಮರ ಒಂದು ರೀತಿ ಬಾಗುತ್ತದೆ, ಮಳೆಗಾಲದ ತೇವಕ್ಕೆ ಇನ್ನೊಂದು ರೀತಿ. ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್ ಎರಡನ್ನೂ ಒತ್ತಿ ಹಿಡಿದು 7ನೇ ಫ್ರೆಟ್ ಹತ್ತಿರ ತಂತಿಯ ಕೆಳಗಿನ ಸಂದು ನೋಡಿ, ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಇದ್ದರೆ ಸಾಕು. ಜಾಸ್ತಿ ಇದ್ದರೆ ಟ್ರಸ್ ರಾಡನ್ನು (ನೆಕ್ ಒಳಗೆ ಬಾಗು ಸರಿಮಾಡುವ ಲೋಹದ ಕಂಬಿ) ಬಲಕ್ಕೆ ಕಾಲು ಸುತ್ತು, ಸಂದೇ ಇಲ್ಲದಿದ್ದರೆ ಎಡಕ್ಕೆ ಕಾಲು ಸುತ್ತು. ಒಮ್ಮೆಗೆ ಅದಕ್ಕಿಂತ ಜಾಸ್ತಿ ಬೇಡ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಗಿಟಾರ್ ಬಿಡಲೇಬೇಡಿ. ಸಂಡೂರು ಕಡೆಯವರಾದರೆ ಅದಿರಿನ ಕೆಂಪು ಧೂಳು ವಾಲ್ಯೂಮ್ ಗುಂಡಿಯೊಳಗೂ ಹೋಗಿ ಕರಕರ ಅನ್ನಿಸುತ್ತದೆ, ಕಾಂಟ್ಯಾಕ್ಟ್ ಕ್ಲೀನರ್ ಒಂದು ಡಬ್ಬಿ ಮನೆಯಲ್ಲಿರಲಿ. ಒಗ್ಗರಣಿ-ಮಿರ್ಚಿ ತಿಂದ ಕೈಯಲ್ಲಿ ತಂತಿ ಮುಟ್ಟಬೇಡಿ ಅಂತ ಬೇರೆ ಹೇಳಬೇಕಾ?

ಮನೆಯಲ್ಲಿ ಇಡುವುದು ಎಲ್ಲಿ ಅನ್ನುವುದನ್ನೂ ಮೊದಲೇ ಯೋಚಿಸಿ. ವಿ ತನ್ನ ಎರಡು ರೆಕ್ಕೆ ತುದಿಗಳ ಮೇಲೆ ಗೋಡೆಗೆ ಒರಗಿ ನಿಂತುಕೊಳ್ಳುತ್ತದೆ, ನೋಡಲು ಚೆಂದ, ಆದರೆ ಕಡಪ ಕಲ್ಲಿನ ನುಣುಪು ನೆಲದಲ್ಲಿ ಯಾವಾಗ ಬೇಕಾದರೂ ಜಾರುತ್ತದೆ. ಗಿಬ್ಸನ್ ರೀತಿ ತಲೆ ಹಿಂದಕ್ಕೆ ಬಾಗಿರುವ ಗಿಟಾರ್ ಬಿದ್ದರೆ ಮೊದಲು ಮುರಿಯುವುದು ತಲೆ ಮತ್ತು ನೆಕ್ ಸೇರುವ ಜಾಗವೇ. ಮಾಮೂಲಿ ಸ್ಟ್ಯಾಂಡ್‌ನಲ್ಲಿ ಎರಡೂ ಸರಿಯಾಗಿ ಕೂರುವುದಿಲ್ಲ. ತಲೆ ಹಿಡಿದು ತೂಗುಹಾಕುವ ಗೋಡೆ ಕೊಕ್ಕೆ ತರಿಸಿ, ಎರಡು ಸ್ಕ್ರೂ ಹೊಡೆದರೆ ಮುಗಿಯಿತು.

ಹೊತ್ತುಕೊಂಡು ಹೋಗುವುದಕ್ಕೆ ನಮ್ಮೂರಲ್ಲಿ ಒಂದು ಅನುಕೂಲ ಇದೆ, ಬೇರೆ ಊರಿನವರಿಗೆ ಇಲ್ಲ. ಮಾಮೂಲಿ ಗಿಟಾರ್ ಚೀಲದಲ್ಲಿ ಈ ಎರಡೂ ಹಿಡಿಸುವುದಿಲ್ಲ, ಆ ಆಕಾರಕ್ಕೇ ಮಾಡಿದ ಕೇಸ್ ದುಬಾರಿ. ಬಳ್ಳಾರಿ ಜೀನ್ಸ್ ಹೊಲಿಯುವ ಊರು ಅಲ್ವಾ? ಆ ರಟ್ಟಿನ ಅಚ್ಚನ್ನೇ ಟೈಲರ್ ಹತ್ತಿರ ತಗೊಂಡು ಹೋಗಿ. ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು ದಪ್ಪ ಡೆನಿಮ್ ಕತ್ತರಿಸಲಿ, ಒಳಗೆ ಒಂದು ಇಂಚಿನ ಫೋಮ್, ಅದರ ಒಳಗೆ ಮೆತ್ತನೆ ಅಸ್ತರ್. ರೆಕ್ಕೆಯ ತುದಿಗಳು ಬರುವ ಕಡೆ ರೆಕ್ಸಿನ್ ತುಂಡು ಇಟ್ಟು ಎರಡು ಸಾಲು ಹೊಲಿಗೆ ಹಾಕಿಸಿ, ಮೊದಲು ಹರಿಯುವುದು ಅಲ್ಲೇ. ಜಿಪ್ ಪ್ಯಾಂಟಿನದ್ದು ಬೇಡ, ಸೂಟ್‌ಕೇಸಿಗೆ ಹಾಕುವ ದಪ್ಪದ್ದು ಬೇಕು. ಅಂಥ ಚೀಲದಲ್ಲಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಮೇಲಿನ ಬರ್ತ್ ಹಿಡಿದು ಗಿಟಾರನ್ನು ಪಕ್ಕದಲ್ಲೇ ಮಲಗಿಸಿಕೊಂಡು ಹೋಗಬಹುದು. ಬಸ್ಸಿನಲ್ಲಿ ತಲೆ ಮೇಲಿನ ಕಟ್ಟೆಯಲ್ಲಿ ಹಿಡಿಸುವುದು ಅನುಮಾನ, ಡಿಕ್ಕಿಗೆ ಮಾತ್ರ ಹಾಕಬೇಡಿ.

ಇಷ್ಟೆಲ್ಲ ಹೇಳಿ ಯಾವುದು ಅಂತ ಹೇಳದಿದ್ದರೆ ಬೈಯುತ್ತೀರಿ. ಮನೆಯಲ್ಲಿ ಬೇರೆ ಗಿಟಾರ್ ಇಲ್ಲ, ಇದೊಂದೇ, ಕೂತು ನುಡಿಸುವುದೇ ಜಾಸ್ತಿ, ರಿಫ್ (ಮತ್ತೆ ಮತ್ತೆ ಬರುವ ತಾಳದ ತುಣುಕು) ಅಂದರೆ ಪ್ರಾಣ: ಕಣ್ಣು ಮುಚ್ಚಿ ಎಕ್ಸ್‌ಪ್ಲೋರರ್ ಆಕಾರ ತಗೊಳ್ಳಿ. ಈಗಾಗಲೇ ಒಂದು ಮಾಮೂಲಿ ಗಿಟಾರ್ ಇದೆ, ನಿಂತು ನುಡಿಸುತ್ತೀರಿ ಅಥವಾ ಸೋಲೋ ಕಡೆ ಒಲವು: ವಿ ತಗೊಳ್ಳಿ, ಪಶ್ಚಾತ್ತಾಪ ಆಗುವುದಿಲ್ಲ. ಚಾಪೆ ಬಿಡಲಾರದವರಿಗೆ ವಿ ಬೇಡವೇ ಬೇಡ. ಎಕ್ಸ್‌ಪ್ಲೋರರ್ ಕೂಡ ಕೊಂಬು ಎಡ ಮಂಡಿಗೆ ತಾಗುತ್ತದಾ ಅಂತ ರಟ್ಟಿನಲ್ಲಿ ನೋಡಿಯೇ ತಗೊಳ್ಳಿ.

ಆರ್ಡರ್ ಬಂದ ದಿನ ಬಾಕ್ಸ್ ಬಿಚ್ಚುವುದನ್ನು ಮೊದಲಿಂದ ಕೊನೆವರೆಗೆ ನಿಲ್ಲಿಸದೆ ವಿಡಿಯೋ ಮಾಡಿ. ಮೊದಲು ತಲೆಯ ಹಿಂಭಾಗಕ್ಕೆ ಟಾರ್ಚ್ ಬಿಟ್ಟು ಕೂದಲೆಳೆ ಬಿರುಕು ಇದೆಯಾ ನೋಡಿ, ಆಮೇಲೆ ರೆಕ್ಕೆ ತುದಿಗಳ ಬಣ್ಣ ಎದ್ದಿದೆಯಾ ನೋಡಿ, ನೆಕ್ ಉದ್ದಕ್ಕೂ ಬೆರಳು ಸವರಿ ಫ್ರೆಟ್ ತುದಿ ಗೀರುತ್ತದಾ ಅಂತ ನೋಡಿ. ಒಣ ಹವೆಗೆ ಮರ ಕುಗ್ಗಿದಾಗ ಫ್ರೆಟ್ ಹೊರಚಾಚುವುದು ಸಾಮಾನ್ಯ. ಆಂಪ್‌ಗೆ ಸಿಕ್ಕಿಸುವ ಮುಂಚೆ ಇನ್ನೊಂದು ಕೆಲಸ, ಮನೆಯ ಮೂರು ಪಿನ್ ಸಾಕೆಟ್‌ನಲ್ಲಿ ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪಿನ ಅರ್ಥ್‌ಗೇ ಸೇರಿರುತ್ತವೆ, ಅರ್ಥಿಂಗ್ ಕೆಟ್ಟಿದ್ದರೆ ಶಾಕ್ ಹೊಡೆಯುವುದು ನಿಮ್ಮ ಕೈಗೇ.