ಮನೆಯಲ್ಲಿ ಹೊಲಿಯುವವರು ತಮ್ಮದೇ ಹೆಸರಿನ ಟೈಲರ್ ಆಗುವುದು ಹೇಗೆ

ನಮ್ಮ ಚನ್ನಗಿರಿ ಕಡೆ ಬೀದಿಗೆ ಇಬ್ಬರು ಮೂವರಾದರೂ ಮನೆಯಲ್ಲೇ ಬ್ಲೌಸ್ ಹೊಲಿಯುವ ಹೆಂಗಸರು ಸಿಗುತ್ತಾರೆ. ಕಟಿಂಗ್ ಅಚ್ಚುಕಟ್ಟು, ಫಿನಿಶಿಂಗ್ ಚೆಂದ. ಆದರೆ ಮದುವೆ ಮನೆಯಲ್ಲಿ ಯಾರಾದರೂ "ನೀವೇನ್ ಮಾಡ್ಕೊಂಡಿದೀರಿ?" ಅಂತ ಕೇಳಿದರೆ "ಏನಿಲ್ಲ, ಮನೇಲೇ ಇದೀನಿ" ಅಂದುಬಿಡುತ್ತಾರೆ. ಹಿಂದಿನ ರಾತ್ರಿ ಎಲ್ಲರೂ ಮಲಗಿದ ಮೇಲೆ ಕೂತು ಆ ಮದುಮಗಳ ಬ್ಲೌಸಿಗೇ ಹುಕ್ಸ್ ಹಾಕಿರುತ್ತಾರೆ! ಸ್ವಂತದ್ದೊಂದು ಅಂಗಡಿ ಬೇಕು ಅನ್ನುವ ಆಸೆ ಒಳಗೇ ಇಟ್ಟುಕೊಂಡಿರುವ ಇಂಥ ಅಕ್ಕತಂಗಿಯರಿಗಾಗಿ, ಈ ಕೆಲಸದಲ್ಲೇ ಸಂಸಾರ ತೂಗಿಸಿರುವ ನಾನು ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಾಯಿಬಿಟ್ಟು ಹೇಳಿ. "ಸ್ವಲ್ಪ ಹೊಲಿಗೆ ಬರುತ್ತೆ" ಅನ್ನಬೇಡಿ, "ನಾನು ಟೈಲರ್, ಬ್ಲೌಸ್ ಹೊಲೀತೀನಿ, ಫಾಲ್-ಪಿಕೋ ಮಾಡ್ತೀನಿ" ಅನ್ನಿ. ಮನೆಯವರ ಎದುರಿಗೇ ಹೇಳಿ. ಕೇಳಿದವರು ಮುಂದಿನ ವಾರ ಬ್ಲೌಸ್ ಪೀಸ್ ಹಿಡಿದು ಬರುತ್ತಾರೆ, ಅದೊಂದು ಲಾಭ. ಇನ್ನೊಂದು, ಮನೆಯವರ ಕಿವಿಗೂ ಆ ಮಾತು ಬಿದ್ದು ರೂಢಿಯಾಗುತ್ತದೆ.

ಮುಂದಿನದು ಮಷಿನ್ ಇಡುವ ಜಾಗ. ಹೆಚ್ಚಿನ ಮನೆಗಳಲ್ಲಿ ಮಷಿನ್ ಇರುವುದು ಅಕ್ಕಿ ಮೂಟೆ ಪಕ್ಕ, ಮೇಲೆ ಒಗೆದ ಬಟ್ಟೆಯ ರಾಶಿ. ಅದನ್ನು ನಡುಮನೆಗೋ ಜಗಲಿಗೋ, ಕಿಟಕಿ ಇರುವ ಕಡೆಗೆ ತನ್ನಿ. ಬೆಳಕು ಎಡಗಡೆಯಿಂದ ಬಿದ್ದರೆ ಬಲಗೈ ನೆರಳು ಸೂಜಿಯ ಮೇಲೆ ಬೀಳುವುದಿಲ್ಲ. ಬಾಗಿಲಿಗೆ ಒಂದು ಬೋರ್ಡು ಬೇಕು. ಅದರ ಮೇಲೆ ದೇವರ ಹೆಸರೋ ಮಗನ ಹೆಸರೋ ಇರುವುದು ರೂಢಿ. ನಿಮ್ಮ ಹೆಸರನ್ನೇ ಬರೆಸಿ ಅಂತ ನಾನು ಒತ್ತಿ ಹೇಳುತ್ತೇನೆ. ಕೆಳಗೆ ಸಮಯ ಹಾಕಿ: ಬೆಳಿಗ್ಗೆ 10ರಿಂದ 1, ಮಧ್ಯಾಹ್ನ 3ರಿಂದ 6. ಸಮಯ ಗೋಡೆಯ ಮೇಲಿದ್ದರೆ ನಡುವೆ ಕಾಫಿ ಕೇಳುವ ಮುಂಚೆ ಮನೆಯವರೂ ಒಮ್ಮೆ ಯೋಚಿಸುತ್ತಾರೆ. ಅತ್ತೆಗೆ ಮೊದಲೇ ಕೂರಿಸಿಕೊಂಡು ಹೇಳಿ: "ಅತ್ತೆ, ಈ ಹೊತ್ತಿನಲ್ಲಿ ನಾನು ಕೆಲಸದಲ್ಲಿರ್ತೀನಿ. ಸಾರು-ಪಲ್ಯ ಅಷ್ಟರೊಳಗೆ ಆಗಿರುತ್ತೆ, ಅನ್ನಕ್ಕೆ ನೀವು ಇಟ್ಟುಬಿಡಿ." ಜಗಳ ಆಡದೆ ಕೆಲಸ ಹಂಚಿಕೊಳ್ಳುವ ಮಾತು ಇದು. ಗಂಡನಿಗೂ ಒಂದು ಕೆಲಸ ಗೊತ್ತು ಮಾಡಿ.

ಇನ್ನು ರೇಟು. ಹೆಂಗಸರು ಹೆಚ್ಚು ಸೋಲುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಬರೆಯುತ್ತೇನೆ. ಒಂದು ಲೈನಿಂಗ್ ಬ್ಲೌಸ್ ತೆಗೆದುಕೊಳ್ಳಿ. ಲೈನಿಂಗ್ ಬಟ್ಟೆಗೆ 70 ರೂಪಾಯಿ. ದಾರ, ಹುಕ್ಸ್, ಪೈಪಿಂಗ್ ದಾರ, ಕರೆಂಟು ಸೇರಿ 30 ಅಂತ ಇಟ್ಟುಕೊಳ್ಳಿ. ಕಟಿಂಗಿನಿಂದ ಕೊನೆಯ ಹೆಮ್ಮಿಂಗ್‌ವರೆಗೆ ಮೂರೂವರೆ ಗಂಟೆ. 250ಕ್ಕೆ ಹೊಲಿದುಕೊಟ್ಟರೆ ಕೈಗೆ ಉಳಿಯುವುದು 150, ಅಂದರೆ ಗಂಟೆಗೆ 43 ರೂಪಾಯಿ. ಅದೇ 450 ಅಂದರೆ 350 ಉಳಿಯುತ್ತದೆ, ಗಂಟೆಗೆ 100. ನಿಮ್ಮೂರಿನ ರೇಟು ಬೇರೆ ಇರಬಹುದು, ಲೆಕ್ಕ ಮಾಡುವ ರೀತಿ ಇದೇ. ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿ. ಗೋಡೆಯ ಮೇಲಿದ್ದರೆ ನೀವು ತಗ್ಗಿದ ದನಿಯಲ್ಲಿ ಹೇಳಬೇಕಾಗಿಲ್ಲ, ಅವರೇ ಓದಿಕೊಳ್ಳುತ್ತಾರೆ. "ನೀವು ತಿಳಿದಷ್ಟು ಕೊಡಿ" ಅನ್ನುವ ಮಾತು ಮಾತ್ರ ಇವತ್ತಿಗೇ ಬಿಡಿ.

ನೆಂಟರ ವಿಷಯ ಬೇರೆ. ಅಮ್ಮ, ಅತ್ತೆ, ಒಡಹುಟ್ಟಿದವರು, ಇಷ್ಟು ಜನಕ್ಕೆ ಪುಕ್ಕಟೆ ಅಂತ ಗೆರೆ ಎಳೆದುಕೊಳ್ಳಿ. ಮಿಕ್ಕವರಿಗೆ ಪೂರ್ತಿ ರೇಟು ಹೇಳಿಯೇ ಕಡಿಮೆ ಮಾಡಿ: "450 ಅತ್ತಿಗೆ, ನಿಮಗೆ 400." ಎಷ್ಟು ಬಿಟ್ಟಿರಿ ಅನ್ನುವುದು ಅವರಿಗೂ ಗೊತ್ತಾಗಬೇಕು.

ಅಳತೆಗೆ ಒಂದು ದಪ್ಪ ರಟ್ಟಿನ ನೋಟ್‌ಬುಕ್ ಇಡಿ. ಅಳತೆ ಬ್ಲೌಸ್ ತಂದರೂ ಮೈ ಅಳತೆ ತೆಗೆದುಕೊಳ್ಳಿ. ಹಳೇ ಬ್ಲೌಸ್ ಒಗೆದು ಒಗೆದು ಕುಗ್ಗಿರುತ್ತದೆ ಇಲ್ಲವೇ ಜಗ್ಗಿರುತ್ತದೆ. ಎದೆ ಸುತ್ತಳತೆ, ಸೊಂಟ, ಶೋಲ್ಡರ್, ಆರ್ಮ್ ಹೋಲ್, ತೋಳಿನ ಉದ್ದ, ಮುಂದಿನ ಕತ್ತು, ಹಿಂದಿನ ಕತ್ತು, ಇವಿಷ್ಟು ಬರೆದು ತಾರೀಕು ಹಾಕಿ. ಪುಟದ ತಲೆಗೆ ಬಂದವರ ಹೆಸರು. "ಮೇಷ್ಟ್ರ ಹೆಂಡತಿ", "ತೋಟದ ಮನೆಯವರು", "ಚಿಂಟು ಅಮ್ಮ" ಅಂತ ಬರೆಯಬೇಡಿ. ಹೆಸರು ಕೇಳಿ. ನಾನು ಕೇಳಿದಾಗ ಎಷ್ಟೋ ಜನ ಒಂದು ಕ್ಷಣ ತಡೆದು ಹೇಳುತ್ತಾರೆ. ಒಬ್ಬ ವಯಸ್ಸಾದ ಅಮ್ಮ "ನನ್ನ ಹೆಸರ್ಯಾಕವ್ವ, ಮಗನ ಹೆಸರು ಬರ್ಕೋ" ಅಂದರು. "ಬ್ಲೌಸ್ ಹಾಕ್ಕೊಳೋರು ನೀವಲ್ವಾ ಅಮ್ಮ" ಅಂದೆ. ಗಿರಿಜಮ್ಮ ಅಂದರು. ಡೆಲಿವರಿ ದಿನ ನೋಟ್‌ಬುಕ್ ತಮ್ಮ ಕಡೆ ತಿರುಗಿಸಿಕೊಂಡು, ಬೆರಳಿಟ್ಟು ಹೆಸರು ಓದಿ, "ಇದು ನನ್ ಪುಟ" ಅಂದರು. ಆಮೇಲೆ ಅವರ ಸೊಸೆಯಂದಿರೂ ನಮ್ಮಲ್ಲಿಗೇ ಬಂದರು.

ದುಡ್ಡು ಬರುವ ಖಾತೆ ನಿಮ್ಮೊಬ್ಬರದೇ ಆಗಿರಲಿ. ಖಾತೆಗೆ ಜೋಡಿಸಿದ ಮೊಬೈಲ್ ನಂಬರ್, ಅದಕ್ಕೆ ಬರುವ ಓಟಿಪಿ ನಿಮ್ಮ ಕೈಯಲ್ಲೇ ಇರಬೇಕು. ನಂಬರ್ ಬೇರೆಯವರದಾದರೆ ಖಾತೆ ನಿಮ್ಮದಾಗಿಯೂ ನಿಮ್ಮದಲ್ಲ. ಕ್ಯೂಆರ್ ಕೋಡ್ ಆ ಖಾತೆಯದೇ ಆಗಲಿ, ಸ್ಕ್ಯಾನ್ ಮಾಡಿದವರ ಫೋನಿನಲ್ಲಿ ನಿಮ್ಮ ಹೆಸರು ಮೂಡುತ್ತದೆ. ಪ್ರತಿ ತಿಂಗಳು ಇಷ್ಟು ಅಂತ ಮನೆಗೆ ಕೊಡಿ, ಖುಷಿಯಿಂದ ಕೊಡಿ. ಆದರೆ ಖಾತೆಯಿಂದ ತೆಗೆದು ಕೊಡುವವರು ನೀವಾಗಿರಿ.

ಕಾಗದ ಪತ್ರ ಅಂದರೆ ನಮ್ಮವರು ಹೆದರುತ್ತಾರೆ. ಹೆದರುವಂಥದ್ದೇನಿಲ್ಲ. ಆಧಾರ್, ಪ್ಯಾನ್ ಎರಡರಲ್ಲೂ ಹೆಸರು ಒಂದೇ ಥರ ಇದೆಯೇ ನೋಡಿ. ಒಂದರಲ್ಲಿ ಅಪ್ಪನ ಇನಿಷಿಯಲ್, ಇನ್ನೊಂದರಲ್ಲಿ ಗಂಡನ ಹೆಸರು ಇರುವುದು ಸಾಮಾನ್ಯ, ಕೆಲಸ ಕೆಡುವುದೂ ಇದರಿಂದಲೇ. ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕು ಅಂತ ಕಾನೂನೇನೂ ಇಲ್ಲ. ಯಾವ ಹೆಸರು ನಿಮ್ಮದು ಅನಿಸುತ್ತದೋ ಅದನ್ನೇ ಎರಡರಲ್ಲೂ ಮಾಡಿಸಿಕೊಳ್ಳಿ. ಆಮೇಲೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರದಲ್ಲಿ ಹೆಸರು ದಾಖಲಿಸುವುದು. 2020ರ ಜುಲೈನಿಂದ ಇರುವ ಇದು ಸರ್ಕಾರಿ ವೆಬ್‌ಸೈಟಿನಲ್ಲಿ ಪೂರ್ತಿ ಉಚಿತ. ಸಾವಿರ ಎರಡು ಸಾವಿರ ಶುಲ್ಕ ಕೇಳುವ ಸೈಟುಗಳು ಸರ್ಕಾರದವಲ್ಲ. ಸರ್ಟಿಫಿಕೇಟ್ ಬಂದರೆ ಪ್ರಿಂಟ್ ತೆಗೆಸಿ ಲ್ಯಾಮಿನೇಷನ್ ಮಾಡಿಸಿ. ಮುಂದೆ ಬ್ಯಾಂಕಿನಲ್ಲಿ ಸಾಲ ಕೇಳುವಾಗ ಬೇಕಾಗುತ್ತದೆ.

ಕೈಕಸುಬಿನವರಿಗಾಗಿ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ ಶುರುವಾದದ್ದು 2023ರ ಸೆಪ್ಟೆಂಬರ್ 17ರಂದು. ಅದರ 18 ಕಸುಬುಗಳಲ್ಲಿ ಟೈಲರಿಂಗ್ ಒಂದು. ತರಬೇತಿ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿಯವರೆಗೆ ಇ-ವೋಚರ್, 5% ಬಡ್ಡಿಗೆ ಮೊದಲು 1 ಲಕ್ಷದವರೆಗೆ ಸಾಲ, ಅದು ತೀರಿದ ಮೇಲೆ 2 ಲಕ್ಷದವರೆಗೆ. ಅರ್ಜಿ ಹಾಕುವುದು ಸಿಎಸ್‌ಸಿಯಲ್ಲಿ, ಅಂದರೆ ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಿಕೊಡುವ ಕಾಮನ್ ಸರ್ವಿಸ್ ಸೆಂಟರಿನಲ್ಲಿ; ಈಗ ಹೊಸ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಅಂತ ಅಲ್ಲೇ ಕೇಳಿ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ, ಅದರಲ್ಲಿ ಒಬ್ಬರಿಗೆ ಮಾತ್ರ ಸಿಗುತ್ತದೆ. ಸರ್ಕಾರಿ ನೌಕರರ ಮನೆಗೆ ಇಲ್ಲ. ಹಾಗಾಗಿ ಅರ್ಜಿ ಯಾರ ಹೆಸರಲ್ಲಿ ಅನ್ನುವುದನ್ನು ಮನೆಯಲ್ಲಿ ಮೊದಲೇ ಮಾತಾಡಿ. ಮಷಿನ್ ತುಳಿಯುವವರು ನೀವಾದರೆ ಹೆಸರೂ ನಿಮ್ಮದೇ ಇರಬೇಕು.

ಕಟಿಂಗ್ ಇನ್ನೂ ಪಕ್ಕಾ ಬರುವುದಿಲ್ಲ ಅನ್ನುವವರು ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆಗೆ ಹೋಗಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್ ಸೇರಿ ಕಟ್ಟಿದ್ದು. ಅದೇ ಮಾದರಿಯ ತರಬೇತಿ ಕೇಂದ್ರಗಳು ಈಗ ಬೇರೆ ಜಿಲ್ಲೆಗಳಲ್ಲೂ ಇವೆ. ತರಬೇತಿ, ಊಟ, ವಸತಿ ಎಲ್ಲಾ ಉಚಿತ. ಅಲ್ಲೇ ಉಳಿದು ಕಲಿಯಬೇಕು ಅಂದಾಗ "ಮಕ್ಕಳನ್ನ ಬಿಟ್ಟು ಹೇಗೆ ಹೋಗ್ತೀಯಾ" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಮಕ್ಕಳಿಗೆ ಅಪ್ಪನೂ ಇದ್ದಾರೆ, ಅಜ್ಜಿಯೂ ಇದ್ದಾರೆ. ಹೋಗಿ ಬನ್ನಿ.

ಕೊನೆಯದಾಗಿ ಆಷಾಢದ ಮಾತು. ಮದುವೆ ಇರುವುದಿಲ್ಲ, ಮಷಿನ್ ಖಾಲಿ. "ಇದೆಲ್ಲಾ ನನ್ನ ಕೈಲಾಗುವುದಲ್ಲ" ಅನ್ನುವ ಯೋಚನೆ ಬರುವುದು ಈ ದಿನಗಳಲ್ಲೇ. ಆಗ ಸುಮ್ಮನೆ ಕೂರಬೇಡಿ. ನ್ಯೂಸ್ ಪೇಪರಿನಲ್ಲಿ ಪ್ರಿನ್ಸೆಸ್ ಕಟ್, ಬೋಟ್ ನೆಕ್, ಕಟೋರಿ ಒಂದೊಂದು ಅಳತೆಗೂ ಕತ್ತರಿಸಿ, ಹೆಸರು ಬರೆದು ಮೊಳೆಗೆ ನೇತುಹಾಕಿ. ಅಗ್ಗದ ಬಟ್ಟೆಯಲ್ಲಿ ಹಿಂದಿನ ಕತ್ತಿನ ಎರಡು ಮೂರು ಹೊಸ ಡಿಸೈನ್ ಹೊಲಿದು, ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ, ರೇಟು ಸಮೇತ. ಸೀರೆ ಕುಚ್ಚು ಕಲಿಯುವುದಕ್ಕೂ ಇದೇ ಹೊತ್ತು. ಶ್ರಾವಣ ಹತ್ತಿರ ಬಂದಂತೆ ವರಮಹಾಲಕ್ಷ್ಮಿ ಹಬ್ಬದ ಆರ್ಡರ್ ಒಟ್ಟಿಗೇ ನುಗ್ಗುತ್ತವೆ. ಹಬ್ಬಕ್ಕೆ ಹತ್ತು ದಿನ ಮೊದಲು ಪೀಸ್ ತೆಗೆದುಕೊಳ್ಳುವುದು ನಿಲ್ಲಿಸುತ್ತೇನೆ ಅಂತ ಬೋರ್ಡಿನ ಕೆಳಗೆ ಬರೆದುಬಿಡಿ, ಅಡ್ವಾನ್ಸ್ ಅರ್ಧ ತೆಗೆದುಕೊಳ್ಳಿ.